ಮೂರು ದಿನದ ರಜೆ, ಒಂದು ಟೊಳ್ಳು ಟೈಲ್ಸು

ನಾನು ಟೈಲ್ಸ್ ಹಾಕೋನು. ಹೊಗಳ್ಕೋತಿದೀನಿ ಅಂತ ಅನ್ಕೋಬೇಡಿ, ಒಂದ್ಸಲ ಒಬ್ಬರ ಮನೆ ಹಾಲ್‌ಗೆ ನೆಲ ಹಾಕಿದ್ದೆ. ಎಷ್ಟು ಮಟ್ಟ ಇತ್ತು ಅಂದ್ರೆ, ಆ ಮನೆ ಮಗು ನಡುಮಧ್ಯ ಒಂದು ಗೋಲಿ ಇಟ್ಟು ಸ್ಕೂಲಿಗೆ ಹೋಯ್ತು, ಸಂಜೆ ಬಂದ್ರೆ ಗೋಲಿ ಅಲ್ಲೇ. ಯಾವ ಕಡೆ ಉರುಳ್ಬೇಕು ಅಂತ ಗೊತ್ತಾಗ್ದೆ ಮೂರು ದಿನ ಅಲ್ಲೇ ನಿಂತಿತ್ತಂತೆ. ಕೊನೆಗೆ ಪಾಪ ಅನ್ನಿಸಿ ಮನೆಯೋರೇ ಎತ್ತಿಟ್ರು. ನನ್ನ ಹೆಂಡ್ತಿ ಇದನ್ನ ನಂಬಲ್ಲ. ನಾನು ಏನೇ ಹೇಳಿದ್ರೂ ಕಾಲು ಭಾಗ ಇಟ್ಕೊಂಡು ಮುಕ್ಕಾಲು ಭಾಗ ಗುಡಿಸಿ ಹಾಕ್ತಾಳೆ. ಇಪ್ಪತ್ತು ವರ್ಷ ಸಂಸಾರ ಮಾಡಿದೋಳು, ಅವಳಿಗೆ ಆ ಹಕ್ಕು ಇದೆ.

ನಾನು ಕುಡಿಯೋದು ಬಿಟ್ಟು ಆಗ ಹತ್ತು ತಿಂಗಳಾಗಿತ್ತು. ಅದಕ್ಕೂ ಮುಂಚೆ ನಾನು ಕುಡೀತಿದ್ದದ್ದು ಹೇಗೆ ಅಂದ್ರೆ, ನಾನು ಆಸ್ಪತ್ರೆ ಸೇರಿದ ವಾರ ನಮ್ಮ ಬೀದಿ ತುದಿಯ ಬ್ರಾಂದಿ ಅಂಗಡಿಯೋನು ಗಾಬರಿಯಾಗಿ ನಮ್ಮನೆ ಬಾಗಿಲು ತಟ್ಟಿ, ಎಲ್ಲ ಸೌಖ್ಯ ತಾನೆ ಅಂತ ಕೇಳಿದ್ದ. ರಜೆಗೆ ಹೋದ್ರಂತೂ ಕೇಳ್ಬೇಡಿ. ಬೆಟ್ಟಕ್ಕೆ ಹೋಗಿದ್ವಿ, ಸಮುದ್ರಕ್ಕೆ ಹೋಗಿದ್ವಿ, ನನಗೆ ಒಂದೂ ನೆನಪಿಲ್ಲ. ಫೋಟೋ ನೋಡಿದ್ರೆ ಗೊತ್ತಾಗುತ್ತೆ. ಬೆಟ್ಟದ ಫೋಟೋದಲ್ಲಿ ಎಲ್ಲರೂ ಹಲ್ಲು ಬಿಟ್ಕೊಂಡು ನಿಂತಿದಾರೆ, ಹಿಂದೆ ಬೆಂಚ್ ಮೇಲೆ ನಾನು ಮಲಗಿದೀನಿ, ಯಾರದೋ ನಾಯಿ ನನ್ನ ಟೋಪಿ ಹಾಕ್ಕೊಂಡಿದೆ. ನಾಯಿ ಚೆನ್ನಾಗಿ ಬಂದಿದೆ.

ಈ ಸಲ ಹೆಂಡ್ತಿ ಅಡುಗೆಮನೇಲಿ ಪಾತ್ರೆ ಒರೆಸ್ತಾ ಮೆತ್ತಗೆ ಹೇಳಿದ್ಲು. ಅವಳು ಜೋರು ಮಾಡಿದ್ರೆ ನಂಗೆ ಭಯ ಇಲ್ಲ, ಮೆತ್ತಗೆ ಮಾತಾಡಿದ್ರೆ ಕೈಲಿದ್ದ ಕೆಲಸ ಬಿಟ್ಟು ಕೇಳ್ತೀನಿ.

"ಅಕ್ಕ ಭಾವನ ಜೊತೆ ಮೂರು ದಿನ ಹೋಗೋಣ. ನೀನು ಕುಡೀದೆ ಇದ್ರೆ ನಿನ್ನ ಜೊತೆ ವಾಪಸ್ ಬರ್ತೀನಿ. ಕುಡಿದ್ರೆ ಅಲ್ಲಿಂದ್ಲೇ ಅಕ್ಕನ ಕಾರ್ ಹತ್ತಿ ಅವಳ ಮನೆಗೆ ಹೋಗ್ತೀನಿ. ಆಮೇಲೆ ನೀನು ಕರೆಯೋಕೆ ಬರಬೇಡ."

ಸರಿ ಅಂದೆ. ಬೇರೆ ಏನು ಅನ್ನೋದು.

ಈಗ ಆ ಭಾವನ ವಿಷಯ ಹೇಳ್ಬೇಕು. ಹೆಂಡ್ತಿ ಅಕ್ಕನ ಗಂಡ, ನನಗೆ ಷಡ್ಡಕ. ಹೆಂಡ್ತಿ ಭಾವ ಅಂತಾಳೆ ಅಂತ ನಾನೂ ಹಾಗೇ ಕರೀತೀನಿ. ಕನ್ನಡಕದ ಅಂಗಡಿ ಇಟ್ಟಿದಾನೆ. ಎದುರಿಗೆ ಕೂತೋರ ಕನ್ನಡಕ ಕೊಳೆ ಆಗಿದ್ರೆ ಕೇಳದೇ ತೆಗೆದು ಒರೆಸಿ ವಾಪಸ್ ಹಾಕೋ ಅಂಥ ಒಳ್ಳೇ ಮನುಷ್ಯ. ಜಗಳ ಇಲ್ಲ, ಸಾಲ ಇಲ್ಲ, ಶೀತ ಕೂಡ ಆಗಲ್ಲ ಅವನಿಗೆ. ಅದನ್ನೆಲ್ಲ ನಾನು ಹೇಗೋ ಸಹಿಸ್ಕೊಂಡಿದ್ದೆ. ಸಹಿಸ್ಕೊಳ್ಳೋಕೆ ಆಗದೇ ಇದ್ದದ್ದು ಒಂದೇ. ಅವನು ಸಂಜೆ ಒಂದು ಗ್ಲಾಸ್ ಹಾಕಿಸ್ಕೋತಾನೆ, ಎರಡು ಗಂಟೆ ಅದನ್ನೇ ಇಟ್ಕೊಂಡು ಕೂರ್ತಾನೆ, ಆಮೇಲೆ ಮೂರು ಬೆರಳಷ್ಟು ಹಾಗೇ ಬಿಟ್ಟು ಎದ್ದು ಹೋಗಿಬಿಡ್ತಾನೆ.

ಬಿಟ್ಟು ಎದ್ದು ಹೋಗ್ತಾನೆ ಸ್ವಾಮಿ. ಮಗುನ ಬಸ್ ಸ್ಟ್ಯಾಂಡಲ್ಲಿ ಬಿಟ್ಟು ಹೋದ ಹಾಗೆ. ಹೋಟೆಲ್ ಮಾಣಿ ಬಂದು ಆ ಗ್ಲಾಸ್ ಎತ್ಕೊಂಡು ಹೋಗೋವಾಗ ನನ್ನ ಕಣ್ಣು ಅದರ ಹಿಂದೆ ಅಡುಗೆಮನೆ ಬಾಗಿಲ ತನಕ ಹೋಗಿ ಬರ್ತಿತ್ತು. ಅವನ ಕಾರ್ ನೋಡಿ, ಅವನ ಮನೆ ನೋಡಿ ನಂಗೆ ಯಾವತ್ತೂ ಏನೂ ಅನ್ನಿಸಿದ್ದಿಲ್ಲ. ಆ ಮೂರು ಬೆರಳು ನೋಡಿ ಮಾತ್ರ ಹೊಟ್ಟೆ ಒಳಗೆ ಯಾರೋ ಸುಣ್ಣ ಅರಳಿಸಿದ ಹಾಗಾಗ್ತಿತ್ತು.

ಅದಕ್ಕೇ ರಜೆ ಯೋಜನೆ ನಾನೇ ಮಾಡ್ತೀನಿ ಅಂದೆ. ಊರಿಂದ ದೂರ ಒಂದು ಕೆರೆ, ಅದರ ದಂಡೇಲಿ ಬಾಡಿಗೆಗೆ ಕೊಡೋ ಒಂದು ಒಂಟಿ ಮನೆ. ಸುತ್ತ ಇಪ್ಪತ್ತು ಕಿಲೋಮೀಟರ್ ಒಂದೇ ಒಂದು ಅಂಗಡಿ ಇಲ್ಲ. ಮನೆ ನೋಡ್ಕೊಳ್ಳೋ ಮೇಟಿಗೆ ಏಳು ಸಲ ಫೋನ್ ಮಾಡಿ ಕೇಳಿದೆ, ಅಲ್ಲಿ ಕುಡಿಯೋಕೆ ಏನಾದ್ರೂ ಸಿಗುತ್ತಾ ಅಂತ. ಏಳನೇ ಸಲಕ್ಕೆ ಅವನು ಬೇಜಾರಾಗಿ, ಇಲ್ಲ ಸ್ವಾಮಿ, ಇಲ್ಲಿ ಒಂದು ಹನಿ ಸಿಗಲ್ಲ, ನೀವು ಬೇರೆ ಜಾಗ ನೋಡ್ಕೊಳ್ಳಿ ಅಂದ. ಅದೇ ಬೇಕಾಗಿತ್ತು ಅಂದೆ.

ಎಲ್ಲರಿಗೂ ಹೇಳಿದ್ದು, ನನ್ನ ಆರೋಗ್ಯಕ್ಕೆ ಇದೇ ಸರಿ, ಯಾರೂ ಏನೂ ತರಬೇಡಿ ಅಂತ. ಹೆಂಡ್ತಿ ಕಣ್ಣಲ್ಲಿ ನೀರು ಬಂತು. ನಿಜ ಹೇಳ್ಲಾ? ಆರೋಗ್ಯ ಅರ್ಧ. ಇನ್ನರ್ಧ, ಸಂಜೆ ಆರು ಗಂಟೆಗೆ ಭಾವ ಒದ್ದಾಡೋದನ್ನ ನಾನು ಕಣ್ಣಾರೆ ನೋಡ್ಬೇಕಿತ್ತು. ಕೈ ನಡುಗ್ಬೇಕು, ಕಿಟಕಿ ಹತ್ರ ಹೋಗ್ಬೇಕು, ಬರಬೇಕು, ಸುಮ್ಸುಮ್ನೆ ಹೆಂಡ್ತಿ ಮೇಲೆ ರೇಗ್ಬೇಕು. ನಾನು ಪಟ್ಟಿದ್ದನ್ನ ಒಂದು ಸಂಜೆಯಾದ್ರೂ ಅವನೂ ಪಡಲಿ ಅಂತ.

ನನಗೆ ಔಷಧ ಕೊಡ್ತಿದ್ದ ಡಾಕ್ಟರಮ್ಮ ಒಂದು ಮಾತು ಹೇಳಿದ್ರು. ರಜೆ ಅಂದ್ರೆ ಹುಷಾರಾಗಿರು, ಸಂಜೆ ಹೊತ್ತು ಖಾಲಿ ಕೂರಬೇಡ, ಏನಾದ್ರೂ ಕೆಲಸ ಇಟ್ಕೋ ಅಂತ. ಅವರು ಹೇಳಿದ್ದು ಸಂಜೆ ಹೊತ್ತು. ನಾನು ಹಿಡ್ಕೊಂಡಿದ್ದು ಇಡೀ ದಿನ. ಟೈಲ್ಸ್ ಬಾಕ್ಸಿನ ರಟ್ಟು ಬಿಡಿಸಿ, ಗೆರೆ ಎಳೆದು, ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರ ತನಕ ಒಂದು ನಿಮಿಷ ಖಾಲಿ ಬಿಡದೆ ಒಂದಾದ್ಮೇಲೆ ಒಂದು ಕೆಲಸ ಬರೆದೆ. ಆರಕ್ಕೆ ಗಾಳ ಹಾಕೋದು, ಏಳಕ್ಕೆ ನಡಿಗೆ, ಎಂಟಕ್ಕೆ ತಿಂಡಿ, ಎಂಟೂವರೆಗೆ ದೋಣಿ, ಹತ್ತಕ್ಕೆ ಹಕ್ಕಿ ನೋಡೋದು, ಹತ್ತೂವರೆಗೆ ನಗೋದು. ಹೌದು, ಅದನ್ನೂ ಬರೆದಿದ್ದೆ.

ಹಿಂದಿನ ರಾತ್ರಿಯೇ ಹೋಗಿ ಸೇರಿದ್ವಿ, ಅವರು ಕಾರಲ್ಲಿ, ನಾವು ನನ್ನ ಟೆಂಪೋದಲ್ಲಿ. ಮೊದಲನೇ ದಿನ ನನ್ನ ರಟ್ಟಿನ ಪ್ರಕಾರವೇ ನಡೀತು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ಹಿಮ್ಮಡಿ ಮೇಲೆ ಗುಳ್ಳೆ ಎದ್ದಿತ್ತು. ಹೆಂಡ್ತಿ ದೋಣಿಯಲ್ಲೇ ತೂಕಡಿಸ್ತಿದ್ಲು. ಗಾಳಕ್ಕೆ ಒಂದು ಮೀನು ಸಿಕ್ತು, ನನ್ನ ಮುಖ ನೋಡಿ ಅದೇ ಕಿತ್ಕೊಂಡು ಹೋಯ್ತು. ನಾನು ಮಾತ್ರ ಗಡಿಯಾರ ನೋಡ್ತಾ ಸಂಜೆ ಆರಕ್ಕೆ ಕಾಯ್ತಿದ್ದೆ.

ಆರಾಯ್ತು. ಜಗಲಿ ಮೇಲೆ ಕೇರಂ ಹಾಕಿ ಭಾವನ ಎದುರಿಗೇ ಕೂತೆ. ಅವನ ಕೈ ನೋಡ್ತಾ ಇದ್ದೆ, ಕಾಯಿ ನೋಡ್ಲೇ ಇಲ್ಲ. ಅಕ್ಕ ನಿಂಬೆಹಣ್ಣಿನ ಶರಬತ್ತು ತಂದಿಟ್ಲು. ಭಾವ ಒಂದು ಗುಟುಕು ಕುಡಿದು, ಆಹಾ, ಇಂಥ ಗಾಳೀಲಿ ಇದಕ್ಕಿಂತ ಏನು ಬೇಕು ಅಂದ. ಕೈ ಬಂಡೆ ಹಾಗಿತ್ತು. ಕೆಂಪು ಕಾಯಿ ಒಂದೇ ಏಟಿಗೆ ಗುಳಿಗೆ ಬಿತ್ತು. ಏಳಾಯ್ತು, ಎಂಟಾಯ್ತು. ಪರವಾಗಿಲ್ವಾ ಭಾವ, ಏನಾದ್ರೂ ಬೇಕು ಅನ್ಸುತ್ತಾ ಅಂತ ನಾನೇ ನಾಚಿಕೆ ಬಿಟ್ಟು ಕೇಳಿದೆ. ಅವನು ಸ್ವಲ್ಪ ಯೋಚನೆ ಮಾಡಿ, ದಿಂಬು ಇನ್ನೊಂದು ಇದ್ರೆ ಕೊಡು ಅಂದ. ಒಂಬತ್ತಕ್ಕೆ ಮಲಗಿ ಗೊರಕೆ ಹೊಡೆದ. ಆ ಗೊರಕೆಗೆ ಕೆರೆ ಆಚೆ ದಡದ ಕಪ್ಪೆಗಳು ಬಾಯಿ ಮುಚ್ಕೊಂಡವು, ಇದು ಮಾತ್ರ ಸುಳ್ಳಲ್ಲ.

ಶರಬತ್ತು ಕೂಡ ಅವನು ಮೂರು ಬೆರಳು ಬಿಟ್ಟಿದ್ದ.

ಅಲ್ಲೀವರೆಗೆ ನನ್ನ ಹೊಟ್ಟೆಕಿಚ್ಚು ಏನಿದ್ರೂ, ಅವನು ಕುಡಿದು ನಿಲ್ಲಿಸ್ತಾನಲ್ಲ ಅಂತ. ಈಗ ಅದಕ್ಕಿಂತ ದೊಡ್ಡದು ಬಂದು ಕೂತ್ಕೊಳ್ತು. ಇವನಿಗೆ ಅದು ಇಲ್ಲ ಅಂತ ನೆನಪೇ ಆಗಲ್ವಲ್ಲ. ನಾನು ಹತ್ತು ತಿಂಗಳು ಹಲ್ಲು ಕಚ್ಕೊಂಡು ಎಳೆದದ್ದನ್ನ ಇವನು ಒಂದು ದಿಂಬಲ್ಲಿ ಮುಗಿಸಿಬಿಟ್ಟ.

ಎರಡನೇ ದಿನ ಬೆಳಗ್ಗೆ ಆರಕ್ಕೆ ತಟ್ಟೆ ಬಡಿದೆ. ಯಾರೂ ಏಳಲಿಲ್ಲ. ಏಳಕ್ಕೆ ಬಡಿದೆ. ಅಕ್ಕ ಒಳಗಿಂದ್ಲೇ ನನ್ನ ವಂಶವನ್ನೆಲ್ಲ ನೆನೆಸ್ಕೊಂಡ್ಲು. ಎಂಟೂವರೆಗೆ ಹೆಂಡ್ತಿ ಎದ್ದು ಬಂದು ಕೂದಲು ಕಟ್ಕೋತಾ ಗೋಡೆ ಮೇಲಿದ್ದ ರಟ್ಟನ್ನ ಓದಿದ್ಲು, ಪೂರ್ತಿ ಓದಿದ್ಲು. ಆಮೇಲೆ ಕೇಳಿದ್ಲು.

"ಟೈಲ್ಸ್ ಹಾಕೋವಾಗ ಎರಡರ ಮಧ್ಯ ಸಂದು ಬಿಡ್ತೀಯೋ ಇಲ್ವೋ?"

"ಬಿಡದೇ ಇದ್ರೆ ಆಗುತ್ತಾ? ಬಿಸಿಲಿಗೆ ಉಬ್ಬಿ ನೆಲವೇ ಎದ್ದು ಬರುತ್ತೆ."

"ಮತ್ತೆ ಇದರಲ್ಲಿ ಎಲ್ಲಿ ಬಿಟ್ಟಿದೀಯ?"

ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದೀನಿ. ಒಂದು ಕೂದಲು ಸಂದು ಬಿಡದೆ ಒತ್ತಿ ಹಾಕಿದ ನೆಲ ಬೇಸಿಗೇಲಿ ಪಟಾಕಿ ಹಾಗೆ ಸಿಡಿಯೋದನ್ನ ಕಣ್ಣಾರೆ ನೋಡಿದೀನಿ. ಕಲಿಯೋಕೆ ಬಂದೋರಿಗೆ ಮೊದಲ ದಿನವೇ ಅದನ್ನ ಹೇಳ್ಕೊಡ್ತೀನಿ. ನಾನೇ ಹಾಗೆ ಮಾಡಿದ್ದೆ. ಒಪ್ಕೋಬೇಕಿತ್ತು, ನಕ್ಕು ಬಿಡಬೇಕಿತ್ತು. ನಂಗೆ ಅವಮಾನ ಆಯ್ತು. ನಿಮ್ಮಿಷ್ಟ ಬಂದಂಗೆ ಮಾಡ್ಕೊಳ್ಳಿ ಅಂತ ಮೂತಿ ತಿರುಗಿಸಿ ಒಳಗೆ ಕೂತೆ.

ಅವರು ಇಷ್ಟ ಬಂದಂಗೇ ಮಾಡ್ಕೊಂಡ್ರು. ಮಧ್ಯಾಹ್ನ ಊಟ ಆದ್ಮೇಲೆ ಮೂರು ಜನವೂ ದೋಣಿ ತಗೊಂಡು ಹೊರಟ್ರು. ಹೆಂಡ್ತಿ ಬಾಗಿಲಲ್ಲಿ ನಿಂತು ಎರಡು ಸಲ ಕರೆದ್ಲು. ತಲೆನೋವು ಅಂದೆ.

ಕಿಟಕಿಯಿಂದ ನೋಡ್ತಾ ನಿಂತೆ. ಭಾವ ಹುಟ್ಟು ಹಾಕ್ತಿದ್ದ, ಏನೋ ಹೇಳ್ತಿದ್ದ. ಹೆಂಡ್ತಿ ನಕ್ಕಿದ್ದು ನೀರಿನ ಮೇಲಿಂದ ಕೇಳಿಸ್ತು. ಅವನಿಗೆ ಗೊತ್ತಿರೋದು ಒಂದೇ ಜೋಕು. ಕನ್ನಡಕ ಹುಡುಕೋಕೆ ಕನ್ನಡಕ ಬೇಕು ಅಂತ ಅಂಗಡಿಗೆ ಬಂದ ಮುದುಕನದು. ಅದನ್ನ ನಾನೇ ನಲವತ್ತು ಸಲ ಕೇಳಿದೀನಿ. ನಾನು ಸಾವಿರ ಕಥೆ ಹೇಳ್ತೀನಿ, ಅವಳು ಮುಕ್ಕಾಲು ಭಾಗ ಗುಡಿಸಿ ಹಾಕ್ತಾಳೆ, ಅವನ ಒಂದು ಮುದುಕನಿಗೆ ಇಷ್ಟು ನಗು. ಕುಡೀತಿದ್ದಾಗ ನಾನು ಎಷ್ಟು ತಮಾಷೆ ಮಾಡ್ತಿದ್ದೆ, ಇಡೀ ಹೋಟೆಲ್ ನಗ್ತಿತ್ತು, ಈಗ ಒಣಗಿದ ಸ್ಪಂಜ್ ಹಾಗಾಗಿದೀನಿ ಅನ್ನಿಸ್ತು. ಹೋಟೆಲ್ ನಗ್ತಿದ್ದದ್ದು ನನ್ನನ್ನ ನೋಡಿ ಅಂತ ಆ ಗಳಿಗೇಲಿ ನೆನಪಾಗಲಿಲ್ಲ.

ಕೂರೋಕಾಗಲಿಲ್ಲ. ಮನೆ ಒಳಗೆ ಅಡ್ಡಾಡಿದೆ. ನಂಗೆ ಒಂದು ಅಭ್ಯಾಸ, ಯಾರ ಮನೆಗೆ ಹೋದ್ರೂ ಹಿಮ್ಮಡೀಲಿ ನೆಲ ತಟ್ಟಿ ನೋಡ್ತೀನಿ. ಕೆಳಗೆ ಗಾರೆ ತುಂಬಿದ್ರೆ ದಪ್ಪ ಸದ್ದು, ತುಂಬದೇ ಇದ್ರೆ ಟೊಳ್ಳು ಸದ್ದು. ಹಾಲ್ ಚೆನ್ನಾಗಿತ್ತು. ರೂಮ್ ಪರವಾಗಿಲ್ಲ. ಅಡುಗೆಮನೇಲಿ ಸಿಂಕ್ ಪಕ್ಕ, ಮೂಲೆಯಿಂದ ಎರಡನೇದು, ತಟ್ಟಿದ ತಕ್ಷಣ ನಿಂತೆ.

ಅದು ಗಾರೆ ಕಮ್ಮಿ ಬಿದ್ದ ಟೊಳ್ಳಲ್ಲ. ಕೆಳಗೆ ಗುಂಡಿ ತೋಡಿ, ಮೇಲೆ ಟೈಲ್ಸ್ ಸುಮ್ನೆ ಕೂರಿಸಿದ ಟೊಳ್ಳು. ಈ ವ್ಯತ್ಯಾಸ ಜಗತ್ತಲ್ಲಿ ಎಷ್ಟು ಕಿವಿಗೆ ಗೊತ್ತಾಗುತ್ತೋ ಕಾಣೆ, ನನ್ನ ಕಿವಿಗೆ ಗೊತ್ತು. ಯಾಕಂದ್ರೆ ನಮ್ಮನೆ ಅಡುಗೆಮನೇಲಿ ಏಳು ವರ್ಷ ಅಂಥದ್ದೇ ಒಂದು ಇತ್ತು. ನಾನೇ ಮಾಡಿದ್ದು. ಹೆಂಡ್ತಿ ಅದರ ಮೇಲೇ ನಿಂತು ಏಳು ವರ್ಷ ಚಾ ಕಾಸಿದ್ಲು.

ಮಂಡಿ ಊರಿ ಕೂತೆ. ಉಗುರು ಸೇರಿಸಿ ಎತ್ತಿದ್ರೆ ಬಂತು. ಒಳಗೆ ಬಟ್ಟೆ ಸುತ್ತಿಟ್ಟ ಬಾಟ್ಲಿ, ಮುಕ್ಕಾಲು ತುಂಬಿತ್ತು. ಇಲ್ಲಿ ಒಂದು ಹನಿ ಸಿಗಲ್ಲ ಅಂತ ಏಳು ಸಲ ಹೇಳಿದ್ದ ಮೇಟಿ ನೆನಪಾದ. ಪಾಪ, ಸುಳ್ಳು ಹೇಳಿರಲಿಲ್ಲ. ಸಿಗೋ ಹಾಗೆ ಇಟ್ಟಿರಲಿಲ್ಲ.

ಮುಚ್ಚಳ ತೆಗೆದೆ. ನಾನಲ್ಲ, ಕೈ ತೆಗೀತು. ವಾಸನೆ ಬಂತು, ಹಳೇ ಗೆಳೆಯ ಹೆಗಲ ಮೇಲೆ ಕೈ ಹಾಕಿದ ಹಾಗೆ. ತಲೇಲಿ ಲೆಕ್ಕ ಶುರುವಾಯ್ತು. ಭಾವ ಕುಡಿಯೋದು ಇಷ್ಟು, ಬಿಡೋದು ಇಷ್ಟು. ನಾನೂ ಅಷ್ಟೇ ಕುಡಿದು, ಅಷ್ಟೇ ಬಿಡ್ತೀನಿ. ಅವನಿಗೆ ಆಗೋದು ನಂಗೆ ಯಾಕೆ ಆಗಬಾರ್ದು? ಅವನೇನು ಆಕಾಶದಿಂದ ಇಳಿದಿದ್ದಾನಾ? ನೋಡಿ, ಆಸೆಗಿಂತ ಹೊಟ್ಟೆಕಿಚ್ಚೇ ನನ್ನ ಬಾಯಿ ತನಕ ಆ ಬಾಟ್ಲಿ ಎತ್ತಿದ್ದು.

ಆಗ ಹಿಂದಿನ ಬಾಗಿಲು ಸದ್ದಾಯ್ತು. ಭಾವ. ಪ್ಯಾಂಟು ಮೊಣಕಾಲ ತನಕ ಒದ್ದೆ. ನನ್ನನ್ನ ನೋಡಿದ, ನೆಲದ ಗುಂಡಿ ನೋಡಿದ, ಬಾಟ್ಲಿ ನೋಡಿದ.

"ಕುಡಿದ್ಯಾ?"

"ಇಲ್ಲ. ಇನ್ನೂ ಇಲ್ಲ."

ಕಿತ್ಕೋತಾನೆ ಅನ್ಕೊಂಡೆ. ಕಿತ್ಕೊಂಡಿದ್ರೆ ಜಗಳ ಆಡಿ ಕುಡಿದೇ ಬಿಡ್ತಿದ್ದೆ. ಅವನು ಬಂದು ಒದ್ದೆ ಪ್ಯಾಂಟಲ್ಲೇ ನನ್ನ ಪಕ್ಕ ನೆಲದ ಮೇಲೆ ಕೂತ. ದೋಣಿ ಯಾಕೆ ವಾಪಸ್ ಬಂತು ಅಂತ ಕೇಳಿದೆ. ನಿನ್ನ ಹೆಂಡ್ತಿ ಕಳಿಸಿದ್ಲು, ನನ್ನನ್ನ ಇಳಿಸಿ ಅವರಿಬ್ರೂ ಮತ್ತೆ ದೋಣೀಲಿ ಹೋದ್ರು, ಆಗಿಂದ ಕಿಟಕಿ ಕಡೆನೇ ನೋಡ್ತಿದ್ಲು, ನಾನು ಮುದುಕನ ಜೋಕು ಹೇಳಿದ್ರೂ ಪಾಪ ಒತ್ತಾಯಕ್ಕೆ ನಕ್ಕಳು ಅಂದ. ಆ ಮಾತಿಗೆ ನಂಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕೆ ನಾಚಿಕೆ ಆಗುತ್ತೆ.

ಬಾಟ್ಲಿ ಇನ್ನೂ ಕೈಲೇ ಇತ್ತು. ಅದನ್ನೇ ನೋಡ್ತಾ ಹೇಳಿಬಿಟ್ಟೆ.

"ಭಾವ, ನಿಮ್ಮ ಮೇಲೆ ನಂಗೆ ಹೊಟ್ಟೆಕಿಚ್ಚು."

"ಅಂಗಡಿಗಾ?"

"ಅಂಗಡಿ ಯಾರಿಗೆ ಬೇಕು. ನೀವು ಗ್ಲಾಸಲ್ಲಿ ಬಿಟ್ಟು ಎದ್ದು ಹೋಗ್ತೀರಲ್ಲ, ಅದಕ್ಕೆ. ಹೇಗೆ ಬಿಡ್ತೀರಾ? ಏನು ಮಾಡ್ತೀರಾ ಹೇಳಿ, ನಾನೂ ಕಲೀತೀನಿ."

ಭಾವ ಕನ್ನಡಕ ತೆಗೆದು ಒರೆಸಿದ. ತುಂಬಾ ಹೊತ್ತು ಒರೆಸಿದ. ಯಾರೂ ಅವನನ್ನ ಇದನ್ನ ಕೇಳಿರಲಿಲ್ಲ ಅನ್ಸುತ್ತೆ.

"ನಾನೇನೂ ಮಾಡಲ್ಲಪ್ಪ. ಸಾಕು ಅನ್ಸುತ್ತೆ, ಬಿಡ್ತೀನಿ."

"ಯಾರಿಗೆ ಅನ್ಸುತ್ತೆ?"

"ಹಾಗಂದ್ರೆ? ತಾನಾಗೇ ಬರುತ್ತೆ. ಸೀನು ಬರಲ್ವಾ, ಹಾಗೆ."

ಸೀನು ಬಂದ ಹಾಗಂತೆ. ನಂಗೆ ನಗು ತಡಿಯೋಕಾಗಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ನಿಂತು ನೀರು ಮಾತ್ರ ಉಳೀತು. ಇಪ್ಪತ್ತು ವರ್ಷ ಕುಡಿದೀನಿ, ಒಂದ್ಸಲ, ಒಂದೇ ಒಂದ್ಸಲ ಆ ಸೀನು ನಂಗೆ ಬಂದಿಲ್ಲ. ನಾನು ಅನ್ಕೊಂಡಿದ್ದು ಅವನ ಹತ್ರ ಏನೋ ಕೈಚಳಕ ಇದೆ, ನಂಗೆ ತೋರಿಸ್ತಿಲ್ಲ ಅಂತ. ಅವನ ಹತ್ರ ಏನೂ ಇರಲಿಲ್ಲ. ಅವನು ಎತ್ತರ, ನಾನು ಕುಳ್ಳ, ಅದರ ಹಾಗೆ ಇದೂ. ಎತ್ತರ ಇರೋನ ಹತ್ರ ಹೋಗಿ ಹೇಗೆ ಎತ್ತರ ಆದೆ ಅಂತ ಕೇಳಿದ್ರೆ ಏನು ಹೇಳ್ತಾನೆ?

ಸಿಂಕಿಗೆ ಚೆಲ್ಲಿಬಿಡ್ಲಾ ಅಂದ ಭಾವ. ಬೇಡ ಅಂದೆ. ಚೆಲ್ಲಿದ್ರೆ ವಾಸನೆ ಇಡೀ ಮನೆ ತುಂಬುತ್ತೆ, ಅಲ್ಲದೆ ಇನ್ನೊಬ್ಬರ ವಸ್ತು. ಮುಚ್ಚಳ ಹಾಕಿ, ಬಟ್ಟೆ ಸುತ್ತಿ ಇದ್ದಲ್ಲೇ ಇಡಿ ಭಾವ, ನಾನು ಮುಟ್ಟಲ್ಲ ಅಂದೆ. ಅವನು ಹಾಗೇ ಮಾಡಿದ. ನಾನು ಹೊರಗೆ ಹೋಗಿ ನನ್ನ ಟೆಂಪೋದಿಂದ ಕರಣೆ, ರಬ್ಬರ್ ಸುತ್ತಿಗೆ, ಅರ್ಧ ಚೀಲ ಸಿಮೆಂಟ್ ತಂದೆ. ರಜೆಗೆ ಹೋಗೋವಾಗ್ಲೂ ನಾನು ಅವನ್ನ ಇಳಿಸಲ್ಲ. ಮರಳು ಕೆರೆ ದಂಡೇಲೇ ಇತ್ತು. ಬಾಟ್ಲಿ ಸಮೇತ ಗುಂಡಿಗೆ ಗಾರೆ ತುಂಬಿ ಮುಚ್ಚೋಣ ಅಂದೆ.

ಗಾರೆ ಕಲೆಸೋ ಕೆಲಸ ಭಾವನಿಗೆ ಕೊಟ್ಟೆ. ಅಯ್ಯೋ, ಆ ಕೈ ನೋಡ್ಬೇಕಿತ್ತು ನೀವು. ಕನ್ನಡಕಕ್ಕೆ ಗಾಜು ಕೂರಿಸೋ ಕೈ, ಸಿಮೆಂಟ್‌ನ ಚಮಚದಲ್ಲಿ ಸಕ್ಕರೆ ಕದಡಿದ ಹಾಗೆ ಕದಡ್ತಿತ್ತು. ಮೂರು ಸಲ ನೀರು ಜಾಸ್ತಿ ಮಾಡಿದ. ಒಂದು ಮುದ್ದೆ ಅವನ ಕನ್ನಡಕದ ಮೇಲೇ ಬಿತ್ತು. ಕೈ ಹೀಗಿಟ್ಕೊಳ್ಳಿ, ಬಗ್ಗಿ, ಒತ್ತಬೇಡಿ, ಅದೇನು ಕತ್ತೆ ಮೈ ತಿಕ್ತಿದ್ದೀರಾ ಅಂತ ನಾನು ಬೈತಾ ಇದ್ದೆ, ಅವನು ಬೈಸ್ಕೋತಾ ಇದ್ದ. ಆ ಒಂದು ಟೈಲ್ಸಿಗೆ ಎರಡು ಗಂಟೆ ಹಿಡೀತು. ಒಬ್ಬನೇ ಆಗಿದ್ರೆ ಹತ್ತು ನಿಮಿಷದ ಕೆಲಸ. ಆ ರಜೇಲಿ ನಾನು ಗಡಿಯಾರ ನೋಡದೇ ಕಳೆದದ್ದು ಆ ಎರಡು ಗಂಟೆ.

ಹೆಂಗಸರು ಬಂದಾಗ ನಾವಿಬ್ರೂ ನೆಲದ ಮೇಲೆ ಕೂತು ಕೈ ಒರೆಸ್ಕೋತಿದ್ವಿ. ಏನಿದು ಅಂತ ಹೆಂಡ್ತಿ ಕೇಳಿದ್ಲು. ನಂಗೆ ಒಂದು ಒಳ್ಳೇ ಕಥೆ ನಾಲಿಗೆ ತುದಿಗೆ ಬಂದಿತ್ತು, ಹೆಗ್ಗಣದ್ದು, ಬೆಕ್ಕಿನ ಗಾತ್ರದ ಹೆಗ್ಗಣ. ನುಂಗ್ಕೊಂಡೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬಾಟ್ಲಿ ಸಿಕ್ಕಿದ್ದು, ಮುಚ್ಚಳ ತೆಗೆದದ್ದು, ಬಾಯಿ ತನಕ ಎತ್ತಿದ್ದು. ನಮ್ಮನೆ ಅಡುಗೆಮನೆ ಗುಂಡಿ ವಿಷಯ ಕೂಡ. ಅದು ಅವಳಿಗೆ ಅಲ್ಲೀವರೆಗೆ ಗೊತ್ತಿರಲಿಲ್ಲ.

ಹತ್ತು ತಿಂಗಳಿಂದ ಅವಳಿಗೆ ಒಂದು ಅಭ್ಯಾಸ, ಸಂಜೆ ನಾನು ಮನೆಗೆ ಬಂದ ತಕ್ಷಣ ಕಾಲರ್ ಸರಿ ಮಾಡೋ ನೆವದಲ್ಲಿ ಹತ್ರ ಬಂದು ಉಸಿರು ಮೂಸಿ ನೋಡ್ತಾಳೆ. ನಾನು ಗೊತ್ತಿಲ್ಲದ ಹಾಗೆ ಇರ್ತೀನಿ. ಆವತ್ತು ಬಂದು ಮೂಸ್ತಾಳೆ ಅಂತ ಕಾಲರ್ ಮುಂದೆ ಮಾಡಿದೆ. ಅವಳು ಬರಲಿಲ್ಲ.

"ಏಳು ವರ್ಷ ಅದರ ಮೇಲೆ ನಿಂತು ಚಾ ಮಾಡಿದೀನಾ ನಾನು?" ಅಂದ್ಲು.

"ಹೂಂ."

"ಈಗ ಏನಿದೆ ಅದರೊಳಗೆ?"

"ಬಿಟ್ಟ ದಿನವೇ ಗಾರೆ ತುಂಬಿ ಮುಚ್ಚಿದೆ."

"ಊರಿಗೆ ಹೋದ್ಮೇಲೆ ತೋರಿಸು," ಅಂದು ಕೈಕಾಲು ತೊಳ್ಕೊಳ್ಳೋಕೆ ಹೋದ್ಲು.

ಊರಿಗೆ ಅಂದ್ರೆ ಯಾರ ಮನೆಗೆ ಅಂತ ಬಿಡಿಸಿ ಹೇಳಲಿಲ್ಲ. ಮಾರನೇ ದಿನ ಹೊರಡೋ ತನಕ ನಾನೂ ಕೇಳಲಿಲ್ಲ. ಧೈರ್ಯ ಇರಲಿಲ್ಲ. ಅವಳು ಕಾರಿನ ಹತ್ರ ನಿಂತು ಅಕ್ಕನ ಜೊತೆ ಏನೋ ಮಾತಾಡ್ತಿದ್ಲು. ನಾನು ಟೆಂಪೋ ಹಗ್ಗ ಬಿಗಿದದ್ದನ್ನೇ ಬಿಗೀತಿದ್ದೆ.

ಅಷ್ಟರಲ್ಲಿ ಮೇಟಿ ಬೀಗದ ಕೈ ಇಸ್ಕೊಳ್ಳೋಕೆ ಬಂದ. ಐವತ್ತರ ಮೇಲಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಮನೆಯೆಲ್ಲ ಒಂದು ಸುತ್ತು ನೋಡ್ಕೊಂಡು ಅಡುಗೆಮನೆಗೆ ಹೋದ. ಹಿಮ್ಮಡೀಲಿ ತಟ್ಟಿದ ಸದ್ದು ಕೇಳಿಸ್ತು. ಇನ್ನೊಂದ್ಸಲ ತಟ್ಟಿದ. ಆಚೆ ಬಂದು ನನ್ನ ಮುಖ ನೋಡಿದ. ಅಲ್ಲೊಂದು ಸಡಿಲ ಇತ್ತು, ಗಟ್ಟಿ ಮಾಡಿದೀನಿ ಅಂದೆ. ಒಳ್ಳೇದಾಯ್ತು ಸ್ವಾಮಿ ಅಂದ, ಸಾವಿನ ಮನೇಲಿ ಅನ್ನೋ ಹಾಗೆ.

ನಾನು ಸೀಟಿಗೆ ಹತ್ತಿ ಕೂತೆ. ಅವನು ಅಲ್ಲೇ ನಿಂತು ನನ್ನನ್ನೇ ನೋಡ್ತಿದ್ದ. ನನ್ನ ತೊಳೆದ ಮುಖ, ನಡುಗದ ಕೈ ನೋಡ್ತಿದ್ದ. ಆ ನೋಟ ನಂಗೆ ಚೆನ್ನಾಗಿ ಗೊತ್ತು, ಅದನ್ನ ವರ್ಷಗಟ್ಟಲೆ ಭಾವನ ಮೇಲೆ ಇಟ್ಟಿದ್ದೋನು ನಾನು. ನನ್ನನ್ನ ನೋಡಿ ಒಬ್ಬರು ಹೊಟ್ಟೆ ಉರ್ಕೊಂಡಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಖುಷಿ ಆಗಬೇಕಿತ್ತು, ಆಗಲಿಲ್ಲ. ಇಳಿದು ಹೋಗಿ, ಸಾಕು ಅನ್ನೋದು ಸೀನು ಬಂದ ಹಾಗೆ ಬರಲ್ಲ ಯಜಮಾನ್ರೇ, ನಂಗೂ ಬಂದಿಲ್ಲ, ಕುಡಿಯೋದು ಬಿಟ್ಟು ಹತ್ತು ತಿಂಗಳಾಯ್ತು ಅಂದೆ. ಅವನು ಜಗಲಿ ಮೇಲೆ ಕೂತ. ನಾನೂ ಕೂತೆ. ಏನೇನು ಮಾತಾಡಿದ್ವಿ ಅಂತ ಹೇಳಲ್ಲ, ಅದು ನಮ್ಮಿಬ್ಬರದು. ಡಾಕ್ಟರಮ್ಮನ ಫೋನ್ ನಂಬರ್ ಅವನು ಅಂಗೈ ಮೇಲೆ ಬರ್ಕೊಂಡ, ಅಷ್ಟು ಹೇಳಬಹುದು.

ಎದ್ದು ತಿರುಗಿ ನೋಡಿದ್ರೆ ಭಾವನ ಕಾರು ಇರಲಿಲ್ಲ, ಹೋಗಿ ಆಗಲೇ ಧೂಳೂ ಕೂತಿತ್ತು. ಟೆಂಪೋ ಸೀಟಲ್ಲಿ ಹೆಂಡ್ತಿ ಬ್ಯಾಗ್ ಮಡಿಲಲ್ಲಿಟ್ಕೊಂಡು, ಬೇಗ ಬಾ, ಇಲ್ಲಿ ಬಿಸಿಲು ಬರ್ತಿದೆ ಅಂತ ಗೊಣಗ್ತಾ ಕೂತಿದ್ಲು.